ಯುದ್ಧದ ಧೂಳು ಗುಡಿಸಿದವರು: ಕ್ಷೀಣ ಯುರೇನಿಯಂ ಮತ್ತು ಸ್ವಚ್ಛತಾ ಕೆಲಸಗಾರರ ಆರೋಗ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಷೀಣ ಯುರೇನಿಯಂ ಗುಂಡು ತಗುಲಿದ ಟ್ಯಾಂಕುಗಳನ್ನು ಎತ್ತಿ ಸಾಗಿಸಿದವರು, ಸುಟ್ಟ ಅಂಗಳವನ್ನು ಗುಡಿಸಿದವರು, ಗುಜರಿ ಕತ್ತರಿಸಿದವರು ಏನಾದರು ಎಂಬ ಬಗ್ಗೆ ಮಾತುಕತೆಗಳಲ್ಲೂ ಪತ್ರಗಳಲ್ಲೂ ಮರಳಿ ಮರಳಿ ಬಂದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿದ್ದೇನೆ. ಡಿಪ್ಲೀಟೆಡ್ ಯುರೇನಿಯಂ, ಡಿಯು ಎಂದು ಪತ್ರಿಕೆಗಳಲ್ಲಿ ಬರುವುದನ್ನೇ ಇಲ್ಲಿ ಕ್ಷೀಣ ಯುರೇನಿಯಂ ಎಂದು ಕರೆದಿದೆ.

## ಮೊದಲ ಪ್ರಶ್ನೆಗಳು

ಕ್ಷೀಣ ಯುರೇನಿಯಂ ಅಂದರೆ ಶಕ್ತಿ ಹೋದ ಯುರೇನಿಯಂ ತಾನೇ? ಮತ್ತೆ ಭಯ ಯಾಕೆ?

ಅರ್ಧ ಗೊಂದಲಕ್ಕೆ ಹೆಸರೇ ಕಾರಣ. ಗಣಿಯಿಂದ ಬರುವ ಯುರೇನಿಯಂನಲ್ಲಿ ಶೇ. 99.27ರಷ್ಟು ಯುರೇನಿಯಂ-238 ಇದ್ದರೆ, ರಿಯಾಕ್ಟರಿಗೂ ಬಾಂಬಿಗೂ ಬೇಕಾದ ಯುರೇನಿಯಂ-235 ಇರುವುದು ಶೇ. 0.72ರಷ್ಟು ಮಾತ್ರ. ಈ ಎರಡನೆಯದನ್ನು ಬೇಕಾದಷ್ಟು ತೆಗೆದುಕೊಂಡ ಮೇಲೆ ಉಳಿಯುವ ಲೋಹದಲ್ಲಿ ಅದರ ಪಾಲು ಸುಮಾರು ಶೇ. 0.2ಕ್ಕೆ ಇಳಿದಿರುತ್ತದೆ. ಹಾಗೆ ಉಳಿದದ್ದೇ ಕ್ಷೀಣ ಯುರೇನಿಯಂ. ಅದರ ವಿಕಿರಣಶೀಲತೆ ನೈಸರ್ಗಿಕ ಯುರೇನಿಯಂನದಕ್ಕಿಂತ ಸುಮಾರು ಶೇ. 40ರಷ್ಟು ಕಡಿಮೆ ಎಂಬುದು ನಿಜ. ಆದರೆ ಬೆಣ್ಣೆ ತೆಗೆದ ಮಾತ್ರಕ್ಕೆ ಮಜ್ಜಿಗೆಯ ಹುಳಿ ಹೋಗುವುದಿಲ್ಲ. ಭಾರಲೋಹವಾಗಿ ಯುರೇನಿಯಂಗೆ ಇರುವ ರಾಸಾಯನಿಕ ವಿಷಗುಣ ಈ ಲೋಹದಲ್ಲಿ ಎಳ್ಳಷ್ಟೂ ತಗ್ಗಿರುವುದಿಲ್ಲ, ಮೂತ್ರಪಿಂಡದ ಮಟ್ಟಿಗೆ ಎರಡೂ ಒಂದೇ.

ಗುಂಡಿಗೆ ಸೀಸ, ಉಕ್ಕು ಬಿಟ್ಟು ಇದನ್ನೇ ಯಾಕೆ ಹಾಕುತ್ತಾರೆ?

ತೂಕಕ್ಕಾಗಿ. ಸೀಸಕ್ಕಿಂತ ಸುಮಾರು 1.7 ಪಟ್ಟು ಸಾಂದ್ರವಾದ ಈ ಲೋಹದ ಕಡ್ಡಿ ಉಕ್ಕಿನ ಕವಚವನ್ನು ಹೊಗುವಾಗ ಮೊಂಡಾಗದೆ ತನ್ನ ತುದಿಯನ್ನು ತಾನೇ ಹರಿತಗೊಳಿಸಿಕೊಳ್ಳುತ್ತ ಸಾಗುತ್ತದೆ, ಜೊತೆಗೆ ಪುಡಿಯಾದ ಭಾಗ ಗಾಳಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಸೈನ್ಯಕ್ಕೆ ಅನುಕೂಲವಾದ ಈ ಹೊತ್ತಿಕೊಳ್ಳುವ ಗುಣವೇ ಆಮೇಲೆ ಬಂದು ಶುಚಿ ಮಾಡುವವನಿಗೆ ಕಂಟಕ, ಏಕೆಂದರೆ ಉರಿದ ಯುರೇನಿಯಂ ಕಣ್ಣಿಗೆ ಕಾಣದಷ್ಟು ನಯವಾದ ಆಕ್ಸೈಡ್ ಧೂಳಾಗಿ ಟ್ಯಾಂಕಿನ ಒಳಗೂ ಸುತ್ತಲಿನ ನೆಲಕ್ಕೂ ಕೂರುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೇನೆ ಸುಮಾರು 320 ಟನ್ ಕ್ಷೀಣ ಯುರೇನಿಯಂ ಬಳಸಿತು. ಆ ಬಳಿಕ ಬೋಸ್ನಿಯಾ, 1999ರಲ್ಲಿ ಕೊಸೊವೊ ಮತ್ತು ಸರ್ಬಿಯಾ, 2003ರಲ್ಲಿ ಮತ್ತೆ ಇರಾಕ್.

ಬಿದ್ದ ಗುಂಡನ್ನು ಕೈಯಲ್ಲಿ ಎತ್ತಿದರೆ ಸಾಕೇ, ರೋಗ ಬರುತ್ತದೆಯೇ?

ಒಮ್ಮೆ ಎತ್ತಿ ಇಟ್ಟದ್ದರಿಂದ ಬರುವುದಿಲ್ಲ. ಇದು ಸೂಸುವ ವಿಕಿರಣದಲ್ಲಿ ಮುಖ್ಯವಾದದ್ದು ಆಲ್ಫಾ ಕಣ, ಅದನ್ನು ಚರ್ಮದ ಮೇಲಿನ ಸತ್ತ ಪದರವೇ ತಡೆಯುತ್ತದೆ. ಬೀಟಾ ಕಿರಣ ಚರ್ಮದೊಳಗೆ ಸ್ವಲ್ಪ ಇಳಿಯುತ್ತದೆ. ಹೊದಿಕೆಯಿಲ್ಲದ ಲೋಹವನ್ನು ಮುಟ್ಟಿಕೊಂಡೇ ಇದ್ದರೆ ಆ ಜಾಗದ ಚರ್ಮಕ್ಕೆ ಗಂಟೆಗೆ ಸುಮಾರು 2 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ) ತಲುಪುತ್ತದೆ. ವಿಕಿರಣ ಕೆಲಸಗಾರರ ಚರ್ಮಕ್ಕೆ ವರ್ಷಕ್ಕೆ ಇರುವ ಮಿತಿ 500 ಮಿಲಿಸೀವರ್ಟ್. ಹಾಗಾಗಿ ಕ್ಷಣಕಾಲದ ಸ್ಪರ್ಶಕ್ಕೆ ಹೆದರಬೇಕಿಲ್ಲ, ನೆನಪಿನ ವಸ್ತುವೆಂದು ಜೇಬಿನಲ್ಲೋ ಕೊರಳಲ್ಲೋ ವಾರಗಟ್ಟಲೆ ಇಟ್ಟುಕೊಳ್ಳುವುದು ಮಾತ್ರ ಮೂರ್ಖತನ. ಸಾಮಾನ್ಯ ಕೆಲಸಗಾರನಿಗೆ ಇದಕ್ಕಿಂತ ದೊಡ್ಡ ಅಪಾಯವೆಂದರೆ ಕೈಗೆ ಹತ್ತಿದ ಕಪ್ಪು ಪುಡಿ ಊಟದ ಹೊತ್ತಿಗೆ ಬಾಯಿ ಸೇರುವುದು.

ಎಲ್ಲರ ದೇಹದಲ್ಲೂ ಯುರೇನಿಯಂ ಇದ್ದೇ ಇರುತ್ತದೆ ಎನ್ನುತ್ತಾರಲ್ಲ, ಹಾಗಾದರೆ ಇದೆಲ್ಲ ಸುಮ್ಮನೆ ಗುಲ್ಲೇ?

ಇರುವುದು ನಿಜ, ವಾದ ಮಾತ್ರ ಕುಂಟು. ಅನ್ನ ನೀರಿನ ಮೂಲಕ ನಾವು ದಿನಕ್ಕೆ ಒಂದೆರಡು ಮೈಕ್ರೋಗ್ರಾಂ ಯುರೇನಿಯಂ ಸೇವಿಸುತ್ತೇವೆ, ವಯಸ್ಕರ ದೇಹದಲ್ಲಿ ಸರಾಸರಿ 90 ಮೈಕ್ರೋಗ್ರಾಂನಷ್ಟು ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನುಂಗಿದ್ದರಲ್ಲಿ ಬಹುಪಾಲು ಮಲದಲ್ಲೇ ಹೊರಬೀಳುತ್ತದೆ. ರಕ್ತಕ್ಕೆ ಸೇರಿದ ಅಲ್ಪಾಂಶದಲ್ಲೂ ಸುಮಾರು ಮೂರನೇ ಎರಡು ಪಾಲು ಒಂದೇ ದಿನದಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತದೆ. ಆದರೆ ಸ್ವಚ್ಛತಾ ಕೆಲಸಗಾರನ ದಾರಿ ಬೇರೆ: ಅವನು ನುಂಗುವುದಕ್ಕಿಂತ ಹೆಚ್ಚಾಗಿ ಉಸಿರಾಡುತ್ತಾನೆ, ಅದೂ ನೀರಿನಲ್ಲಿ ಸುಲಭವಾಗಿ ಕರಗದ ರೂಪದಲ್ಲಿ. ಊಟದ ಲೆಕ್ಕವನ್ನು ಉಸಿರಿಗೆ ಹಚ್ಚಿ ಸಮಾಧಾನ ಹೇಳುವುದು ಸರಿಯಲ್ಲ.

## ಕೆಲಸದ ಸ್ಥಳದ ಪ್ರಶ್ನೆಗಳು

ಕುವೈತಿನ ಡೋಹಾ ಶಿಬಿರದ ಬೆಂಕಿ ಎಂದು ಎಲ್ಲರೂ ಹೇಳುತ್ತಾರೆ, ಅಲ್ಲಿ ಆಗಿದ್ದಾದರೂ ಏನು?

ಯುದ್ಧ ಮುಗಿದು ತಿಂಗಳುಗಳೇ ಕಳೆದಿದ್ದ 1991ರ ಜುಲೈ 11ರಂದು, ಕುವೈತ್ ನಗರದ ಪಕ್ಕದ ಅಮೆರಿಕನ್ ಶಿಬಿರದಲ್ಲಿ, ಮದ್ದುಗುಂಡು ತುಂಬಿದ ವಾಹನವೊಂದರ ಕೆಟ್ಟ ಹೀಟರಿನಿಂದ ಬೆಂಕಿ ಹೊತ್ತಿತು. ಸಾಲಾಗಿ ನಿಲ್ಲಿಸಿದ್ದ ವಾಹನಗಳಿಗೆ ಹಬ್ಬಿದ ಬೆಂಕಿ ಗಂಟೆಗಟ್ಟಲೆ ಸಿಡಿಯುತ್ತಲೇ ಇತ್ತು. ಹಾಳಾದ ಸಾಮಗ್ರಿಯಲ್ಲಿ ಕ್ಷೀಣ ಯುರೇನಿಯಂನ ಸುಮಾರು 660 ಟ್ಯಾಂಕ್ ಗುಂಡುಗಳೂ ಸೇರಿದ್ದವು. ಆರೋಗ್ಯದ ದೃಷ್ಟಿಯಿಂದ ಬೆಂಕಿಗಿಂತ ಅದರ ಮರುದಿನಗಳನ್ನೇ ಗಮನಿಸಬೇಕು. ಸಿಡಿಯದೆ ಉಳಿದ ಮದ್ದನ್ನು ಹುಡುಕಲು, ಅಂಗಳವನ್ನು ಮತ್ತೆ ಬಳಕೆಗೆ ತರಲು ಸೈನಿಕರನ್ನು ಸಾಲಾಗಿ ನಿಲ್ಲಿಸಿ ಪೊರಕೆ ಕೊಟ್ಟು ಗುಡಿಸಿಸಲಾಯಿತು. ಅವರಲ್ಲಿ ಬಹಳ ಮಂದಿಗೆ ತಾವು ಗುಡಿಸುತ್ತಿದ್ದುದರಲ್ಲಿ ಯುರೇನಿಯಂ ಆಕ್ಸೈಡ್ ಬೆರೆತಿದೆ ಎಂಬುದೇ ಗೊತ್ತಿರಲಿಲ್ಲ, ಮುಖಕ್ಕೆ ರಕ್ಷಣೆ ಇರಲಿಲ್ಲ. ಜುಲೈ 23ರಂದು ಇದೇ ಕೆಲಸದ ನಡುವೆ ಸ್ಫೋಟವಾಗಿ ಮೂವರು ಸೈನಿಕರು ಸತ್ತರು. ಅಂದರೆ ಆ ಅಂಗಳದಲ್ಲಿ ಜೀವ ತೆಗೆದದ್ದು ಯುರೇನಿಯಂ ಅಲ್ಲ, ಸಾಮಾನ್ಯ ಮದ್ದು. ಸ್ವಚ್ಛತಾ ಕೆಲಸದ ಅಪಾಯಗಳನ್ನು ತೂಗುವಾಗ ಈ ವಿವರವನ್ನು ಬಿಟ್ಟುಬಿಡುವವರೇ ಹೆಚ್ಚು.

ಗೊತ್ತಿದ್ದೂ ಹೇಳಲಿಲ್ಲವೋ, ಯಾರಿಗೂ ಗೊತ್ತೇ ಇರಲಿಲ್ಲವೋ?

ಗುಂಡು ತಯಾರಿಸಿದ ಸೇನೆಗೆ ಅದರ ಗುಣ ಗೊತ್ತಿತ್ತು, ಆದರೆ ಆ ತಿಳಿವಳಿಕೆ ಪೊರಕೆ ಹಿಡಿದವನ ತನಕ ಇಳಿದು ಬರಲಿಲ್ಲ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 1993ರ ಜನವರಿಯಲ್ಲಿ ಕೊಟ್ಟ ವರದಿ, ಕ್ಷೀಣ ಯುರೇನಿಯಂ ಮಾಲಿನ್ಯವನ್ನು ನಿಭಾಯಿಸಲು ಸೇನೆ ಸರಿಯಾಗಿ ಸಿದ್ಧವಾಗಿರಲಿಲ್ಲ ಎಂದು ನೇರವಾಗಿ ಹೇಳಿತು. ತಮ್ಮವರದೇ ಗುಂಡು ತಗುಲಿ ಜಖಂಗೊಂಡ ವಾಹನಗಳನ್ನು ಸೌದಿ ಅರೇಬಿಯಾದಲ್ಲಿ ಸಾಗಣೆಗೆ ಅಣಿಗೊಳಿಸಿದ 144ನೇ ಸರ್ವಿಸ್ ಅಂಡ್ ಸಪ್ಲೈ ಕಂಪನಿಯ ಸೈನಿಕರು, ವಾಹನಗಳಲ್ಲಿ ಯುರೇನಿಯಂ ಇದೆ ಎಂದು ತಿಳಿಯುವ ಮೊದಲೇ ವಾರಗಟ್ಟಲೆ ಅವುಗಳ ಒಳಹೊಕ್ಕು ಕೆಲಸ ಮಾಡಿದ್ದರು. ಈ ಇಡೀ ವಿಷಯದಲ್ಲಿ ನನಗೆ ಅತಿ ದೊಡ್ಡ ತಪ್ಪಾಗಿ ಕಾಣುವುದು ಇದೇ. ಒಂದು ಮುಖವಾಡ, ಒಂದು ಮಾತು, ಎರಡೂ ದುಬಾರಿಯಲ್ಲ. ಅವು ಸಿಗದೆಹೋದ ಕಾರಣಕ್ಕೇ ಯಾರು ಎಷ್ಟು ಉಸಿರಾಡಿದರು ಎಂಬ ಅಳತೆಯೂ ಉಳಿಯಲಿಲ್ಲ, ಮುಂದಿನ ಮೂವತ್ತು ವರ್ಷಗಳ ಜಗಳ ಆ ಅಳತೆಯ ಸುತ್ತಲೇ ನಡೆಯಿತು.

ಟ್ಯಾಂಕಿನ ಒಳಗೆ ಇದ್ದವನಿಗೂ ಹೊರಗೆ ಗುಡಿಸಿದವನಿಗೂ ಒಂದೇ ಅಪಾಯವೇ?

ಅಲ್ಲ. ಅಮೆರಿಕದ ರಕ್ಷಣಾ ಇಲಾಖೆ ಮಾಡಿದ ವಿಂಗಡಣೆ ಇಲ್ಲಿ ಉಪಯುಕ್ತ. ಗುಂಡು ತಗುಲಿದ ಕ್ಷಣದಲ್ಲಿ ವಾಹನದೊಳಗೆ ಇದ್ದವರು, ಒಡನೆಯೇ ಅವರನ್ನು ರಕ್ಷಿಸಲು ನುಗ್ಗಿದವರು ಮೊದಲ ವರ್ಗ. ಆಮೇಲೆ ಆ ವಾಹನಗಳಲ್ಲಿ ದುರಸ್ತಿ, ತಪಾಸಣೆ, ಸಾಗಣೆ, ಮದ್ದು ವಿಲೇವಾರಿ ಮಾಡಿದವರು ಮತ್ತು ಡೋಹಾ ಅಂಗಳ ಶುಚಿ ಮಾಡಿದವರು ಎರಡನೆಯ ವರ್ಗ. ಹೊಗೆಯ ಪಕ್ಕದಲ್ಲಿ ಹಾದುಹೋದವರು, ಕುತೂಹಲಕ್ಕೆ ಸುಟ್ಟ ಟ್ಯಾಂಕು ಹತ್ತಿದವರು ಮೂರನೆಯ ವರ್ಗ. ಮೊದಲನೆಯವರು ಕೆಲವೇ ನಿಮಿಷಗಳಲ್ಲಿ ದಟ್ಟ ಧೂಳನ್ನು ಒಳಗೆಳೆದುಕೊಂಡರು, ಹಲವರ ಮಾಂಸದೊಳಗೆ ಲೋಹದ ಚೂರುಗಳೂ ಉಳಿದವು. ಎರಡನೆಯವರದು ನೆಲೆಗೊಂಡ ಧೂಳು ಮತ್ತೆ ಮತ್ತೆ ಮೇಲೆದ್ದು ಬರುವ ಪಾಡು: ಒಮ್ಮೆಗೆ ಕಡಿಮೆ, ಆದರೆ ದಿನವೂ. ಆದ್ದರಿಂದ ಅವರ ಮಟ್ಟಿಗೆ ಎಷ್ಟು ತಾಸು ದುಡಿದರು, ಒಣ ಪೊರಕೆಯೋ ನೀರು ಚಿಮುಕಿಸಿದ ನೆಲವೋ, ಮುಚ್ಚಿದ ವಾಹನದೊಳಗೋ ಬಯಲಿನಲ್ಲೋ ಎಂಬ ಸಣ್ಣ ವಿವರಗಳೇ ನಿರ್ಣಾಯಕ.

ನಮ್ಮ ತಂದೆ 1991ರಲ್ಲಿ ಕುವೈತಿನಲ್ಲಿ ಕೆಲಸಕ್ಕೆ ಇದ್ದರು, ಅವರಿಗೂ ತಾಗಿರಬಹುದೇ?

ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಮನೆಗಳಿಂದ ಈ ಪ್ರಶ್ನೆ ಬರುವುದು ಸಹಜ. ನಗರದಲ್ಲಿ ಅಂಗಡಿ, ಹೋಟೆಲು, ಕಚೇರಿ ಎಂದು ದುಡಿದವರು ಚಿಂತಿಸಬೇಕಾಗಿಲ್ಲ. ಕುವೈತಿನಲ್ಲಿ ಇಂಥ ಸ್ಥಳಗಳನ್ನು ಪರಿಶೀಲಿಸಿ 2003ರಲ್ಲಿ ವರದಿ ಕೊಟ್ಟ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ, ಉಳಿಕೆಯಿಂದ ಜನಸಾಮಾನ್ಯರಿಗೆ ವಿಕಿರಣದ ಅಪಾಯವಿಲ್ಲ ಎಂದಿತು. ಆ ದಿನಗಳಲ್ಲಿ ಎಲ್ಲರೂ ಕುಡಿದ ಎಣ್ಣೆಬಾವಿಗಳ ಹೊಗೆ ಬೇರೆಯೇ ಸಂಗತಿ, ಅದನ್ನು ಇದರೊಂದಿಗೆ ಬೆರೆಸಬಾರದು. ಆದರೆ ಯುದ್ಧವಾಹನಗಳ ಗುಜರಿ ಕತ್ತರಿಸಿದವರು, ಅವನ್ನು ಲಾರಿಗೆ ಏರಿಸಿದವರು ಇದ್ದರೆ ಮಾತು ಬೇರೆ. ಅವರು ತಾವು ಮಾಡಿದ ಕೆಲಸ, ಸ್ಥಳ, ಅವಧಿಯನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಿ, ರಕ್ತದೊತ್ತಡ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನಿನಂಥ ಸಾಮಾನ್ಯ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

## ದೇಹದೊಳಗಿನ ಪ್ರಶ್ನೆಗಳು

ಕಿಡ್ನಿ ಹೋಗುತ್ತದೆ ಎನ್ನುತ್ತಾರೆ, ಹೇಗೆ?

ರಕ್ತದಲ್ಲಿ ಬೈಕಾರ್ಬೊನೇಟಿನೊಂದಿಗೆ ಕೂಡಿಕೊಂಡು ಚಲಿಸುವ ಯುರೇನಿಯಂ ಮೂತ್ರಪಿಂಡದಲ್ಲಿ ಸೋಸಲ್ಪಟ್ಟು, ಅಲ್ಲಿನ ಸೂಕ್ಷ್ಮ ನಾಳಗಳ ಮೊದಲ ಭಾಗದಲ್ಲಿ ಬಿಡುಗಡೆಯಾಗಿ ನಾಳದ ಗೋಡೆಯ ಕೋಶಗಳಿಗೆ ಅಂಟುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಅಂಟಿದರೆ ಕೋಶಗಳು ಸಾಯುತ್ತವೆ, ದೇಹ ಉಳಿಸಿಕೊಳ್ಳಬೇಕಾದ ಸಣ್ಣ ಪ್ರೋಟೀನುಗಳು, ಗ್ಲೂಕೋಸ್ ಮೂತ್ರದಲ್ಲಿ ಸೋರಿಹೋಗುತ್ತವೆ. ಪ್ರತಿ ಗ್ರಾಂ ಮೂತ್ರಪಿಂಡಕ್ಕೆ 3 ಮೈಕ್ರೋಗ್ರಾಂ ಎಂಬುದನ್ನು ಹಳೆಯ ಕಾಲದಿಂದ ಸುರಕ್ಷತೆಯ ಗೆರೆಯಾಗಿ ಹಿಡಿದಿದ್ದರು. ಅದಕ್ಕಿಂತ ಕೆಳಗೂ ಸೂಕ್ಷ್ಮ ಬದಲಾವಣೆಗಳು ಕಂಡದ್ದರಿಂದ ಆ ಗೆರೆಯ ಮೇಲಿನ ನಂಬಿಕೆ ಸಡಿಲಾಗಿದೆ. ಸಮಾಧಾನದ ಸಂಗತಿ ಎಂದರೆ ಈ ಕೋಶಗಳು ಮತ್ತೆ ಬೆಳೆಯಬಲ್ಲವು, ಮತ್ತು ಯುರೇನಿಯಂ ಮೂತ್ರಪಿಂಡದಲ್ಲಿ ದಿನಗಳ ಲೆಕ್ಕದಲ್ಲಿ ಕಡಿಮೆಯಾಗುತ್ತದೆ, ಮೂಳೆಯಲ್ಲಿ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ 2002ರ ವರದಿಯಲ್ಲಿ, ಬಹಳಷ್ಟು ಧೂಳು ಒಳಗೆ ಹೋದ ಕೆಲವೇ ಮಂದಿಯಲ್ಲಿ ಅಲ್ಪಕಾಲದ ಮೂತ್ರಪಿಂಡದ ತೊಂದರೆ ಸಾಧ್ಯ ಎಂದು ಎಚ್ಚರಿಸಿತು. ಸಾಮಾನ್ಯ ಸ್ವಚ್ಛತಾ ಕೆಲಸಗಾರ ಆ ಮಟ್ಟ ಮುಟ್ಟುವುದು ಅಪರೂಪ.

ಸುತ್ತುಬಳಸದೆ ಹೇಳಿ: ಕ್ಯಾನ್ಸರ್ ಬರುತ್ತದೆಯೋ ಇಲ್ಲವೋ?

ದೇಹದೊಳಗೆ ನೆಲೆಸಿದ ಆಲ್ಫಾ ಸೂಸುವ ವಸ್ತು ಕ್ಯಾನ್ಸರ್ ತರಬಲ್ಲದು ಎಂಬುದರಲ್ಲಿ ವಿಜ್ಞಾನಕ್ಕೆ ಅನುಮಾನವಿಲ್ಲ, ಪ್ರಶ್ನೆ ಇರುವುದು ಪ್ರಮಾಣದಲ್ಲಿ. ಬೆಂಕಿಯಲ್ಲಿ ಹುಟ್ಟಿದ ಆಕ್ಸೈಡ್ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ವರ್ಷಗಳ ಕಾಲ ಉಳಿಯಬಹುದು, ಪಕ್ಕದ ದುಗ್ಧರಸ (ಲಿಂಫ್) ಗ್ರಂಥಿಗಳಿಗೂ ಸೇರಬಹುದು. ಆಲ್ಫಾ ಕಣ ಅಂಗಾಂಶದಲ್ಲಿ ಸಾಗುವುದು ಕೆಲವೇ ಕೋಶಗಳ ದೂರ, ಆದರೆ ಆ ದೂರದಲ್ಲೇ ತನ್ನ ಶಕ್ತಿಯನ್ನೆಲ್ಲ ಸುರಿಯುತ್ತದೆ. ರಾಯಲ್ ಸೊಸೈಟಿಯ 2001ರ ಲೆಕ್ಕದಂತೆ ಬಹುತೇಕ ಸೈನಿಕರಿಗೆ ಹೆಚ್ಚುವ ಅಪಾಯ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಗುಂಡು ತಗುಲಿದ ಟ್ಯಾಂಕಿನಲ್ಲಿ ಬದುಕುಳಿದವರು, ಮಲಿನ ವಾಹನಗಳನ್ನು ರಕ್ಷಣೆಯಿಲ್ಲದೆ ದೀರ್ಘಕಾಲ ಶುಚಿ ಮಾಡಿದವರು ಮಾತ್ರ ಇದಕ್ಕೆ ಹೊರತು: ಅತಿ ಕೆಟ್ಟ ಊಹೆಗಳಲ್ಲಿ ಇವರ ಶ್ವಾಸಕೋಶ ಕ್ಯಾನ್ಸರಿನ ಸಾಧ್ಯತೆ ದುಪ್ಪಟ್ಟಾಗಬಹುದು ಎಂದಿತು. ರಕ್ತದ ಕ್ಯಾನ್ಸರಿನ ಅಪಾಯ ಅದಕ್ಕಿಂತ ಬಹಳ ಕಡಿಮೆ.

ಗಣಿ ಕಾರ್ಮಿಕರ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಯುರೇನಿಯಂ ಗಣಿಗಳಲ್ಲಿ ಶ್ವಾಸಕೋಶ ಕ್ಯಾನ್ಸರ್ ತಂದದ್ದು ಮುಖ್ಯವಾಗಿ ರೇಡಾನ್ ಅನಿಲ. ಸಂಸ್ಕರಿಸಿದ ಲೋಹದಲ್ಲಿ ರೇಡಿಯಂ ಇರುವುದಿಲ್ಲವಾದ್ದರಿಂದ ರೇಡಾನ್ ಹುಟ್ಟುವ ಪ್ರಶ್ನೆಯೂ ಮನುಷ್ಯರ ಕಾಲಮಾನದಲ್ಲಿ ಏಳುವುದಿಲ್ಲ.

ಬಾಲ್ಟಿಮೋರಿನಲ್ಲಿ ಇಷ್ಟು ವರ್ಷ ಪರೀಕ್ಷಿಸಿ ಏನೂ ಸಿಗಲಿಲ್ಲವಂತೆ, ಅಲ್ಲಿಗೆ ಮುಗಿಯಿತಲ್ಲ?

ಬಾಲ್ಟಿಮೋರಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಡಾ. ಮೆಲಿಸಾ ಮ್ಯಾಕ್‌ಡಾರ್ಮಿಡ್ ನೇತೃತ್ವದಲ್ಲಿ ಕೊಲ್ಲಿ ಯುದ್ಧದಲ್ಲಿ ಕ್ಷೀಣ ಯುರೇನಿಯಂ ತಾಗಿದ ಅಮೆರಿಕದ ಸೈನಿಕರ ಮೇಲೆ 1990ರ ದಶಕದ ಆದಿಯಿಂದ ನಡೆದ ತಪಾಸಣೆ ಬೆಲೆಯುಳ್ಳದ್ದು. ಮಾಂಸದಲ್ಲಿ ಲೋಹದ ಚೂರು ಉಳಿದವರ ಮೂತ್ರದಲ್ಲಿ ದಶಕಗಳ ನಂತರವೂ ಯುರೇನಿಯಂ ಏರಿದ ಮಟ್ಟದಲ್ಲಿದೆ, ಆದರೂ ಕಾಯಿಲೆಯೆನ್ನುವಂಥ ಮೂತ್ರಪಿಂಡ ಹಾನಿ ಕಂಡಿಲ್ಲ, ನಾಳಗಳ ಕಾರ್ಯವನ್ನು ಸೂಚಿಸುವ ಪ್ರೋಟೀನುಗಳಲ್ಲಿ ಮಾತ್ರ ಸೂಕ್ಷ್ಮ ವ್ಯತ್ಯಾಸಗಳು ಕಂಡಿವೆ. ಅತಿ ಹೆಚ್ಚು ಯುರೇನಿಯಂ ತಾಗಿದವರಲ್ಲೇ ಹೀಗಿರುವಾಗ ಕಡಿಮೆ ತಾಗಿದವರಲ್ಲಿ ಮೂತ್ರಪಿಂಡ ಕೆಡುವ ಸಂಭವ ಇನ್ನೂ ಕಡಿಮೆ ಎನ್ನುವುದು ನ್ಯಾಯವಾದ ತೀರ್ಮಾನ.

ಆದರೆ ಅದೇ ಮಾತನ್ನು ಕ್ಯಾನ್ಸರಿಗೆ ಹಚ್ಚಲಾಗದು. ಹತ್ತಿರ ಹತ್ತಿರ ಎಂಬತ್ತು ಜನರ ಗುಂಪಿನಲ್ಲಿ ಶ್ವಾಸಕೋಶ ಕ್ಯಾನ್ಸರ್ ಒಂದೂವರೆ ಪಟ್ಟಾದರೂ ಅಂಕಿಸಂಖ್ಯೆಗೆ ಅದು ಕಾಣಿಸದು. ಜೊತೆಗೆ ಈ ಗುಂಪು ಮುಖ್ಯವಾಗಿ ಮೊದಲ ವರ್ಗದವರದು, ಪೊರಕೆ ಹಿಡಿದವರದಲ್ಲ. ಏನೂ ಸಿಗಲಿಲ್ಲ ಎಂಬ ಮಾತಿಗೆ ಎಷ್ಟು ಜನರಲ್ಲಿ, ಏನನ್ನು ಹುಡುಕಿದಾಗ ಎಂಬ ಎರಡು ಪದಗುಚ್ಛ ಸೇರಿಸಿ ಓದಬೇಕು.

ಮೂತ್ರ ಪರೀಕ್ಷೆಯಲ್ಲಿ ಯುರೇನಿಯಂ ಬಂದರೆ ಅದು ಕ್ಷೀಣ ಯುರೇನಿಯಂ ಎಂದೇ ಅರ್ಥವೇ? ಕೋಲಾರದ ಬೋರ್‌ವೆಲ್ ನೀರಿನಲ್ಲೂ ಇದೆಯಲ್ಲ?

ಒಟ್ಟು ಯುರೇನಿಯಂನ ಅಂಕಿ ನೋಡಿ ಅದನ್ನು ಹೇಳಲಾಗದು. 24 ಗಂಟೆಗಳ ಮೂತ್ರ ಸಂಗ್ರಹಿಸಿ, ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದಲ್ಲಿ ಎರಡು ಐಸೋಟೋಪುಗಳ, ಅಂದರೆ ಯುರೇನಿಯಂ-235 ಮತ್ತು 238ರ, ಅನುಪಾತ ಅಳೆಯಬೇಕು. ನೈಸರ್ಗಿಕ ಯುರೇನಿಯಂನಲ್ಲಿ 235ರ ಒಂದು ಪರಮಾಣುವಿಗೆ 238ರ ಸುಮಾರು 138 ಇರುತ್ತವೆ, ಕ್ಷೀಣ ಯುರೇನಿಯಂನಲ್ಲಿ ಸುಮಾರು 500. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಆಳದ ಕೊಳವೆಬಾವಿಗಳಲ್ಲಿ ಕಾಣುವುದು ಗ್ರಾನೈಟ್ ಬಂಡೆಯಿಂದ ಕರಗಿ ಬಂದ ನೈಸರ್ಗಿಕ ಯುರೇನಿಯಂ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಅದು ನಮ್ಮದೇ ಗಂಭೀರ ಸಮಸ್ಯೆ, ಆದರೆ ಯುದ್ಧದ ಗುಂಡಿಗೂ ಅದಕ್ಕೂ ಸಂಬಂಧವಿಲ್ಲ.

ಬ್ರಿಟನ್ನಿನಲ್ಲಿ ಸ್ವತಂತ್ರ ಮಂಡಳಿಯೊಂದರ ಉಸ್ತುವಾರಿಯಲ್ಲಿ ನಾನೂರಕ್ಕೂ ಹೆಚ್ಚು ಮಾಜಿ ಸೈನಿಕರನ್ನು ಹೀಗೆ ಪರೀಕ್ಷಿಸಿದಾಗ ಯಾರಲ್ಲೂ ಕ್ಷೀಣ ಯುರೇನಿಯಂ ಪತ್ತೆಯಾಗಲಿಲ್ಲ. ಆದರೆ ಪರೀಕ್ಷೆ ನಡೆದದ್ದು ಕೊಲ್ಲಿ ಯುದ್ಧವಾಗಿ ಹತ್ತು ವರ್ಷಗಳ ಮೇಲೆ.

## ಇನ್ನಷ್ಟು ಆಳಕ್ಕೆ ಹೋಗುವ ಪ್ರಶ್ನೆಗಳು

ಅಷ್ಟು ವರ್ಷಗಳಾದ ಮೇಲೆ ಪತ್ತೆ ಮಾಡುವುದು ಸಾಧ್ಯವೇ ಇಲ್ಲವೇ?

ಸಾಧ್ಯ ಎಂದು ತೋರಿಸಿದ್ದು ಯುದ್ಧಭೂಮಿಯಲ್ಲ, ನ್ಯೂಯಾರ್ಕ್ ರಾಜ್ಯದ ಕಾಲೊನಿ ಎಂಬ ಊರು. ಅಲ್ಲಿ 1958ರಿಂದ ಕ್ಷೀಣ ಯುರೇನಿಯಂ ಸಾಮಗ್ರಿ ತಯಾರಿಸುತ್ತಿದ್ದ ಕಾರ್ಖಾನೆ ಲೋಹದ ಚೂರುಗಳನ್ನು ಸುಡುತ್ತಿತ್ತು, ಹೊಗೆ ಸುತ್ತಲಿನ ಮನೆಗಳ ಮೇಲೆ ಕೂರುತ್ತಿತ್ತು. 1984ರಲ್ಲಿ ಅದು ಮುಚ್ಚಿತು. ಎರಡು ದಶಕಗಳು ದಾಟಿದ ಮೇಲೆ ಬ್ರಿಟನ್ನಿನ ಸಂಶೋಧಕರು ಅತಿ ಸೂಕ್ಷ್ಮ ವಿಧಾನದಿಂದ ಪರೀಕ್ಷಿಸಿದಾಗ, ಐವರು ಮಾಜಿ ಕಾರ್ಮಿಕರಲ್ಲಿ ಐವರ ಮೂತ್ರದಲ್ಲೂ ನೆರೆಹೊರೆಯವರಲ್ಲಿ ಸುಮಾರು ಐದನೇ ಒಂದು ಪಾಲು ಜನರಲ್ಲೂ ಕ್ಷೀಣ ಯುರೇನಿಯಂನ ಗುರುತು ಸಿಕ್ಕಿತು. ಗುರುತು ಸಿಕ್ಕಿತು ಎಂದರೆ ಕಾಯಿಲೆ ಇದೆ ಎಂದಲ್ಲ. ಆದರೆ ಶ್ವಾಸಕೋಶದಲ್ಲಿ ಅಡಗಿದ ಕಣ ಇಪ್ಪತ್ತು ವರ್ಷಗಳ ನಂತರವೂ ನಿಧಾನವಾಗಿ ಕರಗುತ್ತಲೇ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಯುದ್ಧವೇ ಇಲ್ಲದ ಊರಿನಲ್ಲಿ ಸ್ವಚ್ಛತಾ ಕೆಲಸಗಾರರಿಗೆ ಇದು ತಾಗಿದ ಉದಾಹರಣೆ ಇದೆಯೇ?

1992ರ ಅಕ್ಟೋಬರ್ 4ರಂದು ಆಮ್‌ಸ್ಟರ್‌ಡ್ಯಾಮಿನ ಬೈಲ್ಮರ್ ಬಡಾವಣೆಯ ಮೇಲೆ ಸರಕು ವಿಮಾನವೊಂದು ಬಿತ್ತು, 43 ಜನ ಸತ್ತರು. ಆ ಬೋಯಿಂಗ್ 747ರ ಬಾಲದಲ್ಲಿ ಸಮತೋಲನಕ್ಕೆಂದು 282 ಕಿಲೋ ಕ್ಷೀಣ ಯುರೇನಿಯಂ ಇತ್ತು, ಅದರಲ್ಲಿ ಸುಮಾರು 152 ಕಿಲೋ ಸಿಗಲೇ ಇಲ್ಲ. ಬೆಂಕಿ ಆರಿಸಿದವರು, ಪೊಲೀಸರು, ಅವಶೇಷಗಳನ್ನು ಹ್ಯಾಂಗರಿನಲ್ಲಿ ವಿಂಗಡಿಸಿದ ಕೆಲಸಗಾರರು ವರ್ಷಗಳ ಬಳಿಕ ಆಯಾಸ, ಉಸಿರಾಟದ ತೊಂದರೆ, ಚರ್ಮದ ಕಾಯಿಲೆ ಎಂದು ದೂರತೊಡಗಿದರು. 1999ರಲ್ಲಿ ಸಂಸದೀಯ ವಿಚಾರಣೆ ನಡೆಯಿತು. ಮುಂದೆ ನಡೆದ ವಿಸ್ತಾರವಾದ ಅಧ್ಯಯನದಲ್ಲಿ ಅಲ್ಲಿ ದುಡಿದವರು ದುಡಿಯದ ಸಹೋದ್ಯೋಗಿಗಳಿಗಿಂತ ಹೆಚ್ಚು ತೊಂದರೆಗಳನ್ನು ಹೇಳಿಕೊಂಡರು, ರಕ್ತ ಮತ್ತು ಮೂತ್ರದ ಪರೀಕ್ಷೆಗಳಲ್ಲಿ ಮಾತ್ರ ವೈದ್ಯಕೀಯವಾಗಿ ಮಹತ್ವದ ವ್ಯತ್ಯಾಸ ಕಾಣಲಿಲ್ಲ. ಇದನ್ನು ಕೇವಲ ಮನಸ್ಸಿನ ಭ್ರಮೆ ಎಂದು ತಳ್ಳುವುದು ಅನ್ಯಾಯ. ವಿಮಾನದಲ್ಲಿ ಏನಿತ್ತು ಎಂಬುದನ್ನು ತಡವಾಗಿ ತಿಳಿಸಿದಾಗ, ಸಹಜವಾದ ಕೆಮ್ಮೂ ಅನುಮಾನದ ಕೆಮ್ಮಾಗುತ್ತದೆ.

ಹುಟ್ಟುವ ಮಕ್ಕಳಿಗೆ ತೊಂದರೆಯಾಗುತ್ತದೆಯೇ?

ಪ್ರಾಣಿಗಳಲ್ಲಿ ಹೆಚ್ಚಿನ ಪ್ರಮಾಣದ ಯುರೇನಿಯಂ ಭ್ರೂಣಕ್ಕೆ ಹಾನಿ ಮಾಡಿದ್ದುಂಟು, ಚೂರುಗಳನ್ನು ಹೊತ್ತ ಕೆಲವು ಮಾಜಿ ಸೈನಿಕರ ವೀರ್ಯದಲ್ಲಿ ಯುರೇನಿಯಂ ಪತ್ತೆಯಾದದ್ದೂ ಉಂಟು. ಸ್ವಚ್ಛತಾ ಕೆಲಸಗಾರರ ಮಕ್ಕಳಲ್ಲಿ ಜನ್ಮದೋಷಗಳನ್ನು ಇದಕ್ಕೇ ಗಂಟುಹಾಕುವ ಪುರಾವೆ ಮಾತ್ರ ಇಲ್ಲ. ಮಕ್ಕಳಲ್ಲಿ ಜನ್ಮದೋಷ ಕಂಡ ಇರಾಕಿನ ಕುಟುಂಬಗಳ ನೋವನ್ನು ಅಲ್ಲಗಳೆಯದೆಯೇ ಹೇಳಬೇಕಾದ ಮಾತೆಂದರೆ, ಅಲ್ಲಿ ಸೀಸ, ಪಾದರಸ, ಹೊಗೆ, ಅಪೌಷ್ಟಿಕತೆ, ಕುಸಿದ ಆಸ್ಪತ್ರೆಗಳೆಲ್ಲ ಒಟ್ಟಿಗೇ ಇದ್ದವು.

ಪುರಾವೆ ಇಲ್ಲ ಎಂದ ಮೇಲೂ ಇಟಲಿಯ ನ್ಯಾಯಾಲಯಗಳು ಪರಿಹಾರ ಕೊಟ್ಟದ್ದು ಹೇಗೆ?

ಬೋಸ್ನಿಯಾ, ಕೊಸೊವೊದಂಥ ಬಾಲ್ಕನ್ ನಾಡುಗಳಿಂದ ಮರಳಿದ ಇಟಲಿಯ ಸೈನಿಕರನ್ನು 2001ರಲ್ಲಿ ಮ್ಯಾಂಡೆಲ್ಲಿ ಆಯೋಗ ಪರಿಶೀಲಿಸಿದಾಗ ಒಟ್ಟು ಕ್ಯಾನ್ಸರ್ ನಿರೀಕ್ಷೆಗಿಂತ ಕಡಿಮೆಯಿದ್ದರೂ ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಹೆಚ್ಚು ಕಂಡಿತು, ಕಾರಣ ಕ್ಷೀಣ ಯುರೇನಿಯಂ ಎಂದು ಸ್ಥಾಪಿತವಾಗಲಿಲ್ಲ. ಆದರೂ ಹಲವು ನ್ಯಾಯಾಲಯಗಳು ಕುಟುಂಬಗಳ ಪರ ನಿಂತವು. ಇದರಲ್ಲಿ ವಿರೋಧಾಭಾಸವಿಲ್ಲ. ವಿಜ್ಞಾನ ಕೇಳುವುದು ಇದೇ ಕಾರಣವೇ ಎಂದು. ನ್ಯಾಯಾಲಯ ಕೇಳುವುದು ಅಪಾಯ ಗೊತ್ತಿದ್ದ ಮಾಲಿಕ ಕೆಲಸಗಾರನಿಗೆ ತಿಳಿಸಿ ರಕ್ಷಣೆ ಕೊಟ್ಟಿದ್ದನೇ ಎಂದು. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕಾಗಿಲ್ಲ.

ಇವತ್ತು ಇಂಥ ಜಾಗ ಶುಚಿ ಮಾಡಬೇಕಾದರೆ ಹೇಗೆ ಮಾಡುತ್ತಾರೆ?

ಮೊದಲು ಸಿಡಿಯದ ಮದ್ದು ತೆಗೆಯಬೇಕು, ಡೋಹಾದ ಪಾಠ ಅದು. ಆಮೇಲೆ ಬೀಟಾ ಗ್ರಹಿಸುವ ಮಾಪಕ ಹಿಡಿದು ನೆಲದ ಅಂಗುಲ ಅಂಗುಲ ಹುಡುಕುತ್ತಾರೆ, ಆಲ್ಫಾವನ್ನು ಮಣ್ಣಿನ ತೆಳು ಪದರವೇ ಮುಚ್ಚಿಬಿಡುವುದರಿಂದ ಅದನ್ನು ನಂಬಲಾಗದು. ಸರಿಯಾಗಿ ಹೊಂದುವ ಕಣಶೋಧಕ ಮುಖವಾಡ, ಕೈಗವಸು, ಬಿಟ್ಟುಹೋಗಬಹುದಾದ ಮೇಲುಡುಪು ಕಡ್ಡಾಯ. ಕೆಲಸದ ಜಾಗದಲ್ಲಿ ಊಟ, ನೀರು, ಬೀಡಿ ಕೂಡದು. ಒಣ ಪೊರಕೆ ಮುಟ್ಟದೆ ನೆಲವನ್ನು ನೆನೆಸಿಕೊಳ್ಳಬೇಕು. ಟ್ಯಾಂಕನ್ನು ಗ್ಯಾಸಿನಿಂದ ಕತ್ತರಿಸಿದರೆ ಯುರೇನಿಯಂ ಮತ್ತೆ ಉರಿದು ಹೊಸ ಧೂಳು ಹುಟ್ಟುತ್ತದೆ, ಗುಜರಿಯವರಿಗೆ ಇದಕ್ಕಿಂತ ಮುಖ್ಯವಾದ ಎಚ್ಚರಿಕೆ ಇನ್ನೊಂದಿಲ್ಲ. ಕೆಲಸಕ್ಕೆ ಇಳಿಯುವ ಮೊದಲೂ ಮುಗಿದ ಮೇಲೂ ಮೂತ್ರದ ಮಾದರಿ ತೆಗೆದಿಡಬೇಕು. ಮಾಂಟೆನೆಗ್ರೋದ ಕೇಪ್ ಅರ್ಜಾದಲ್ಲಿ 1999ರಲ್ಲಿ ವಿಮಾನಗಳು ಕ್ಷಣಮಾತ್ರದಲ್ಲಿ ಸುರಿದ ಕೆಲವು ನೂರು ಗುಂಡುಗಳನ್ನು ಕಲ್ಲು ಸಂದಿಗಳಿಂದ ಹೆಕ್ಕಲು ತಿಂಗಳುಗಟ್ಟಲೆ ದುಡಿಯಬೇಕಾಯಿತು.

ಗುಡಿಸಿ ಒಟ್ಟಿದ ಆ ಮಣ್ಣು ಕೊನೆಗೆ ಎಲ್ಲಿಗೆ ಹೋಯಿತು?

ಡೋಹಾ ಶಿಬಿರದ ಮಣ್ಣಿನ ಮಟ್ಟಿಗೆ ಉತ್ತರ ಇದೆ. ಕ್ಷೀಣ ಯುರೇನಿಯಂ ಮತ್ತು ಸೀಸ ಬೆರೆತ ಸುಮಾರು 6,700 ಟನ್ ಮರಳನ್ನು 2008ರಲ್ಲಿ, ಅಂದರೆ ಬೆಂಕಿಯಾಗಿ ಹದಿನೇಳು ವರ್ಷಗಳ ಮೇಲೆ, ಕುವೈತಿನಿಂದ ಹಡಗಿಗೆ ಏರಿಸಿ ವಾಷಿಂಗ್ಟನ್ ರಾಜ್ಯದ ಲಾಂಗ್‌ವ್ಯೂ ಬಂದರಿಗೆ, ಅಲ್ಲಿಂದ ರೈಲಿನಲ್ಲಿ ಐಡಾಹೋದ ತ್ಯಾಜ್ಯ ನೆಲೆಗೆ ಒಯ್ದು ಹೂಳಲಾಯಿತು. ಈ ಸಲ ಮರಳು ಮುಚ್ಚಿದ ಚೀಲಗಳಲ್ಲಿತ್ತು, ಬಂದರಿನಲ್ಲಿ ಅದನ್ನು ಇಳಿಸಿದವರಿಗೆ ಒಳಗೆ ಏನಿದೆ ಎಂಬುದು ಮೊದಲೇ ಗೊತ್ತಿತ್ತು.